ಮಸಿ

ಮಂಗಳವಾರ ದೊಡ್ಡ ಸಭಾಂಗಣ. ವಿಷಯ: ವಿಜ್ಞಾನದಲ್ಲಿ ಮಹಿಳೆಯರು.
ಗುರುವಾರ ನೆಲಮಾಳಿಗೆಯ ಏಳನೇ ಕೋಣೆ. ವಿಷಯ: ವಾಹನಗಳ ಹೊಗೆ.
ಮಾತಾಡುವಾಕೆ ಒಬ್ಬಳೇ, ಲಾಮಾರಾ.
ತ್ಬಿಲಿಸಿಯ ಈ ವಿಶ್ವವಿದ್ಯಾಲಯದಲ್ಲಿ ನೆಟ್ಟಗಿರುವ ಮೈಕೂ ಒಂದೇ,
ಅದರ ಬ್ಯಾಟರಿ ಬದಲಿಸುವವನು ನಾನು.

ಮಂಗಳವಾರ ಕುಲಪತಿ ಬಂದರು, ಹೂಗುಚ್ಛ ಬಂತು.
ರಸ್ತೆಯ ಸದ್ದು ಕೇಳಬಾರದೆಂದು ಕಿಟಕಿ ಹಾಕಿಸಿದರು.
ಪರಿಚಯದ ಭಾಷಣದಲ್ಲಿ
ಅವಳ ಇಬ್ಬರು ಮಕ್ಕಳ ಹೆಸರು ಸರಿಯಾಗಿ ಹೇಳಿದರು,
ಅವಳು ಅಳೆದ ಕಣದ ಹೆಸರು ತಪ್ಪಾಗಿ.
ಅವಳು ತಿದ್ದಲಿಲ್ಲ.
ಚೀಲದಿಂದ ಬಿಸ್ಕತ್ತಿನ ಹಳೇ ಡಬ್ಬಿಯೊಂದನ್ನು ತೆಗೆದಳು.

ಒಳಗೆ ಸೋಸುಕಾಗದಗಳು, ನಾಣ್ಯದಷ್ಟು ದುಂಡಗೆ,
ಅಂಚು ಬಿಳಿ, ನಡುವೆ ಮಸಿ.
ಕಾಡಿಗೆ ಅನ್ನೋಣವೆಂದರೆ
ಕಣ್ಣಿಗೆ ಹಚ್ಚಿದ್ದಲ್ಲ, ಊರಿನ ಉಸಿರಿಗೆ.

‘ಇವನ್ನು ತೂಗಿದವಳು ತ್ಸಿಯಾಲಾ’ ಅಂದಳು.
‘ಮೂವತ್ತೊಂದು ವರ್ಷ. ಪ್ರತಿಯೊಂದನ್ನೂ ಎರಡು ಸಲ,
ಬೆರಳಿನ ಪಸೆಗೂ ತೂಕವಿದೆಯಲ್ಲ.
ತಕ್ಕಡಿಯ ಗಾಜಿನ ಬಾಗಿಲು ಹಾಕುವಾಗ ಉಸಿರು ಬಿಗಿಹಿಡಿಯುತ್ತಿದ್ದಳು.
ನಮ್ಮ ಲೇಖನಗಳಲ್ಲಿ ಅವಳು ಎಲ್ಲೂ ಇಲ್ಲ.
ಒಂದು ಕಡೆ ಇದ್ದಾಳೆ: “ಪ್ರಯೋಗಾಲಯದ ನೆರವು”.’
ಆಮೇಲೆ ಅವಳ ಲೆಕ್ಕದ ಪುಸ್ತಕ ಓದತೊಡಗಿದಳು,
ತಾರೀಕು, ಬೀದಿ, ತೂಕ. ತಾರೀಕು, ಬೀದಿ, ತೂಕ.
ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು.

‘ಈ ಚಳಿಗಾಲ ಕರೆಂಟಿಲ್ಲ, ಪೆಟ್ರೋಲಿಲ್ಲ.
ಪಂಪನ್ನು ಕೈಯಲ್ಲೇ ತಿರುಗಿಸಿದ್ದೇವೆ.
ಸೇತುವೆಯ ಮೇಲೆ ಬಸ್ಸೇ ಇಲ್ಲ.
ಕಾಗದ ಬೆಳ್ಳಗೆ ಬಂತು. ಅದನ್ನು ನೋಡಿ
ತ್ಸಿಯಾಲಾ ಅತ್ತಳು. ಸಂತೋಷಕ್ಕೋ ಹಸಿವಿಗೋ,
ನಾನು ಕೇಳಲಿಲ್ಲ.’

ಪ್ರಶ್ನೆಗಳಿದ್ದರೆ? ಒಂದಿತ್ತು.
ಮನೆ, ಸಂಶೋಧನೆ, ಎರಡನ್ನೂ ಹೇಗೆ ನಿಭಾಯಿಸಿದಿರಿ?
‘ನಿಭಾಯಿಸಲಿಲ್ಲ. ಅಡುಗೆ ತಳ ಹಿಡಿಯುತ್ತಿತ್ತು.’
ಎಲ್ಲರೂ ನಕ್ಕರು. ಅವಳು ನಗಲಿಲ್ಲ.
ಫೋಟೋ ತೆಗೆದರು, ಡಬ್ಬಿಯನ್ನು ಬದಿಗಿಡಿಸಿ.

ಗುರುವಾರ ಒಂಬತ್ತು ಜನ.
ಅದರಲ್ಲಿ ಮೂವರು ಹೀಟರಿನ ಬಿಸಿಗೆ ಬಂದವರು.
ಏಳನೇ ಕೋಣೆಗೆ ಅರ್ಧ ಕಿಟಕಿ,
ಅದರಲ್ಲಿ ಕಾಣುವುದು ಬರೀ ಚಕ್ರ, ಹೊಗೆಕೊಳವೆ, ಬೂಟುಗಳು.
‘ತೆರೆದಿರಲಿ’ ಅಂದಳು ಲಾಮಾರಾ.
ಮೈಕು ಬೇಕಾಗಲಿಲ್ಲ. ಆದರೂ ನಾನು ಉಳಿದೆ.

ಕೊನೆಯಲ್ಲಿ ಟೋಪಿ ಹಿಡಿದು ಎದ್ದವನು ಮಿನಿಬಸ್ಸಿನ ಚಾಲಕ,
ಹೆಸರು ಅವ್ತೊ. ಅವನ ಹೆಂಡತಿ ಇಲ್ಲೇ ಮೆಟ್ಟಿಲು ಒರೆಸುತ್ತಾಳಂತೆ.
‘ರಸ್ತೆಯದು ಹೇಳಿದಿರಿ, ಮೇಡಂ.
ನನ್ನ ಸೀಟಿನಲ್ಲಿ ಎಷ್ಟು?’

ಅವಳು ಲೆಕ್ಕದ ಪುಸ್ತಕದ ಹಾಳೆ ಮಗುಚಿದಳು,
ಮತ್ತೆ ಮಗುಚಿದಳು.
‘ಅಲ್ಲಿ ಯಾರೂ ಅಳೆದಿಲ್ಲ’ ಅಂದಳು,
ಮಂಗಳವಾರ ಕೇಳದ ದನಿಯಲ್ಲಿ.

ಅಂಗೈಯಷ್ಟಿದ್ದ ಪಂಪು, ಹೊಸ ಕಾಗದ ಅವನಿಗೆ ಕೊಟ್ಟಳು.
ಅಂಚು ಮಾತ್ರ ಮುಟ್ಟಬೇಕು, ನಡುವೆ ಬೆರಳು ತಾಗಬಾರದು.
ಬಿದ್ದ ಹಾಲುಹಲ್ಲನ್ನು ಮಗು ಒಯ್ಯುವ ಹಾಗೆ
ಅವನು ಅದನ್ನು ಮೆಟ್ಟಿಲು ಹತ್ತಿಸಿಕೊಂಡು ಹೋದ.

ಕಿಟಕಿಯಲ್ಲಿ ಅವನ ಬೂಟು, ಆಮೇಲೆ ಕೊಳವೆ.
ಬಸ್ಸು ಕೆಮ್ಮಿ ಹೊರಟಿತು, ಹೊಗೆ ನೇರ ಒಳಗೆ ಬಂತು.
ಕಿಟಕಿ ಹಾಕಲು ನಾನು ಎದ್ದೆ.
ಅವಳು ಕೈಯಲ್ಲೇ ಬೇಡವೆಂದಳು,
ಗಡಿಯಾರ ನೋಡಿ
ಮಸಿಪೆನ್ನಿನ ಮುಚ್ಚಳ ತೆಗೆದಳು.

ತಾರೀಕು. ಅವ್ತೊ, ಚಾಲಕನ ಸೀಟು.
ತೂಕದ ಜಾಗ ಖಾಲಿ.