ಬೆಳಕು ತಿಂದಷ್ಟು

ಮೊದಲ ದಿನ ಯಂತ್ರ ಮುಟ್ಟಲು ಬಿಡಲಿಲ್ಲ ಪ್ರುಶಿನ್ಸ್ಕಿ ಮೇಷ್ಟ್ರು.
ಹಸಿರು ಕನ್ನಡಕ ಕೊಟ್ಟರು,
ಗಾಜಿನ ಮೂಲೆಯಲ್ಲಿ ಕೊರೆದ ಅಂಕಿಗಳನ್ನು
ಒಬ್ಬೊಬ್ಬರಿಂದಲೂ ಗಟ್ಟಿಯಾಗಿ ಓದಿಸಿದರು.
"ಈ ಬೆಳಕು ಕಾಣುವುದಿಲ್ಲ.
ಕಾಣದ್ದಕ್ಕೇ ಹೆದರಬೇಕು ಇಲ್ಲಿ."

ಹೊರಗೆ ಈರಿ ಸರೋವರದ ಹಿಮ
ಅಡ್ಡಡ್ಡ ಬೀಸುತ್ತಿತ್ತು, ಪಾರ್ಕಿಂಗಿನ ಕಾರುಗಳೆಲ್ಲ ಒಂದೇ ಬಣ್ಣ.
ರೈಲು ಎಂಜಿನ್ನಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು;
ಎಡಗಣ್ಣಿನ ನಟ್ಟನಡುವೆ ಸಾಸಿವೆಯಷ್ಟು ಕತ್ತಲು.
ಬಲಗಣ್ಣು ಮುಚ್ಚಿ ಧನಮಾಯಾಳ ಕಡೆ ತಿರುಗಿ ಅಂದರು:
"ನಿನಗೆ ಮೂಗಿಲ್ಲ, ಬಾಯಿಲ್ಲ.
ಎರಡು ಕಿವಿಯೋಲೆ ಮಾತ್ರ ಗಾಳಿಯಲ್ಲಿ ನಿಂತಿವೆ."
ಯಾರೂ ನಗಲಿಲ್ಲ.
ಆಮೇಲೆ ಯಾರೂ ಕನ್ನಡಕ ಮರೆಯಲಿಲ್ಲ.

ಮೂರನೇ ವಾರ ನನ್ನ ಸರದಿ.
ಮೂರು ಮಿಲಿಮೀಟರಿನ ಉಕ್ಕಿನ ಹಾಳೆ, ಬಾಗಿಲು ಭದ್ರ,
ನೈಟ್ರೋಜನ್ ಬುಸುಗುಟ್ಟಿತು, ಕಿಡಿ ಕೆಳಗೆ ಸುರಿಯಿತು,
ಚೌಕವೊಂದು ಠಣ್ಣೆಂದು ತಟ್ಟೆಗೆ ಬಿತ್ತು.
ಐವತ್ತು ಬರೆದಿದ್ದೆ.
ಬಂದದ್ದು ನಲವತ್ತೊಂಬತ್ತು ಪಾಯಿಂಟ್ ಎಂಟು.
ತೂತು ಹಿರಿದು, ತುಂಡು ಕಿರಿದು;
ಸಿಕ್ಕಿಸಿದರೆ ನಿಲ್ಲದೆ ಉದುರುತ್ತದೆ.

"ತಪ್ಪು ನಿನ್ನದಲ್ಲ, ಲೆಕ್ಕ ನಿನ್ನದು" ಅಂದರು.
"ಬೆಳಕೂ ತಿನ್ನುತ್ತದೆ.
ಅದರ ತುತ್ತು ಮೊದಲೇ ತೆಗೆದಿಡು.
ಗೆರೆಯ ಮೇಲೆ ನಡೆಯಬೇಡ,
ಒಂದು ಕೂದಲೆಳೆ ಹೊರಗೆ ನಡೆ."

ಮುಚ್ಚಳ ಎಣಿಸುವ ಪ್ಲಾಸ್ಟಿಕ್ ಕಾರ್ಖಾನೆಯ ರಾತ್ರಿಪಾಳಿ
ನನ್ನ ಒಂಬತ್ತು ವರ್ಷ ತಿಂದಿದೆ.
ಅದರ ತುತ್ತು ಯಾರೂ ಮೊದಲೇ ಹೇಳಿರಲಿಲ್ಲ.
ಹೇಳಲಿಲ್ಲ ನಾನೂ; ವರ್ನಿಯರ್ ಒರೆಸಿ ಡಬ್ಬಿಗೆ ಹಾಕಿದೆ.

ಧನಮಾಯಾ ಕಿವಿಯಿಂದ ಕತ್ತರಿಸುತ್ತಾಳೆ.
ಸದ್ದು ತೊದಲಿದರೆ ಫೋಕಸ್ ತಪ್ಪಿದೆ ಅಂತ
ಪರದೆ ಹೇಳುವ ಮೊದಲೇ ಕೈ ಎತ್ತುತ್ತಾಳೆ.
ಅಂಚಿನ ಅಡಿಯಲ್ಲಿ ಅಂಟಿದ ಕರಗಿದ ಮುಳ್ಳನ್ನು
ಹೆಬ್ಬೆರಳ ತುದಿಯಿಂದ ಓದುತ್ತಾಳೆ,
ಆಮೇಲೆ ಆ ಬೆರಳನ್ನೇ ಚೀಪುತ್ತಾಳೆ.
ಕೈಗವಸು ಹಾಕು ಅಂತ ಮೇಷ್ಟ್ರು ಬೈಯುತ್ತಾರೆ,
ಅವಳ ಮುಖದ ಪಕ್ಕದ ಗೋಡೆಗೆ.

ಗುರುವಾರ ಮತ್ತೆ ಕತ್ತರಿಸಿದೆ.
ಅಳತೆ ಓದಲು ಅವರು ಧನಮಾಯಾಳಿಗೆ ಕೊಟ್ಟರು.
"ಐವತ್ತು."
"ಇನ್ನೊಮ್ಮೆ ನೋಡು."
"ಐವತ್ತೇ."
ಚೌಕ ಅವರ ಜೇಬು ಸೇರಿತು. ಅಂಕ ಕೊಡಲು ಇರಬೇಕು,
ಅಥವಾ ಸುಮ್ಮನೆ.

ಐವತ್ತಾಗದ ಆ ಮೊದಲ ತುಂಡು ನನ್ನ ಕಾರಿನಲ್ಲಿದೆ.
ಬೆಳಗಿನ ಆರಕ್ಕೆ, ಕಿಟಕಿಯ ಗಾಜಿಗೆ ಹತ್ತಿದ ಮಂಜುಗಡ್ಡೆ ಕೆರೆಯಲು
ಅಷ್ಟಿದ್ದರೆ ಸಾಕು.