ಮೂರು, ಎರಡು, ಮೂರು

ಶ್ರೀರಾಮಪುರ, ಬೇಕರಿಯ ಮೇಲಿನ ಮಹಡಿ.
ಕೆಳಗೆ ದಿಲ್‌ಪಸಂದ್ ಬೇಯುವ ವಾಸನೆ,
ಮೇಲೆ ಲವಂಗದೆಣ್ಣೆ.
ಮೂರು ತಿಂಗಳಿಗೊಮ್ಮೆ ಈ ಮೆಟ್ಟಿಲು ಹತ್ತುತ್ತೇನೆ,
ಹನ್ನೊಂದು ವರ್ಷವಾಯಿತು;
ಆಗ ಯೂನಿಫಾರಂನಲ್ಲಿ, ಈಗ ಮಂಡಿ ಹಿಡಿದುಕೊಂಡು.

ಬಾಯಿ ತೆರೆದರೆ ಹುಡುಗಿ ಸಣ್ಣ ಸಲಾಕೆ ಇಳಿಸಿ
ವಸಡಿನ ಆಳ ಅಳೆಯುತ್ತಾಳೆ, ಕೂಗುತ್ತಾಳೆ:
ಮೂರು, ಎರಡು, ಮೂರು.
ಇಪ್ಪತ್ತಾರು ವರ್ಷ ನಾನೂ ಹೀಗೇ ಕೂಗಿದವಳು:
ಮೆಜೆಸ್ಟಿಕ್, ಓಕಳೀಪುರ, ನವರಂಗ್.
ಯಾರು ಎಲ್ಲಿ ಇಳಿಯುತ್ತಾರೆಂದು
ಮುಖ ನೋಡಿಯೇ ಹೇಳುತ್ತಿದ್ದೆ.
ನನ್ನ ಬಾಯಿಂದ ಇಳಿಯಲು ಎದ್ದು ನಿಂತವರು ಮಾತ್ರ
ಗೊತ್ತೇ ಆಗಲಿಲ್ಲ.

ಬ್ರಷ್ಷಿಗೆ ರಕ್ತ ಬರುತ್ತಿತ್ತು. ಉಷ್ಣ ಅಂದುಕೊಂಡು
ಮಜ್ಜಿಗೆ ಕುಡಿದೆ.
ನಾಲ್ಕೂವರೆಗೆ ಡಿಪೋದಲ್ಲಿರಬೇಕು,
ಬಾಯಿ ನೋಡಿಕೊಳ್ಳಲು ಯಾರಿಗೆ ಪುರುಸೊತ್ತು?
ಒಂದು ದಿನ ಯಶವಂತಪುರದಲ್ಲಿ ವಿಷಲ್ ಕಚ್ಚಿ ಊದಿದರೆ
ಬಸ್ಸಿಗಿಂತ ಮೊದಲು ಹಲ್ಲು ಹೊರಟಿತು.
ವಾರದಲ್ಲಿ ಪಕ್ಕದ್ದೂ.

ನೋವೇ ಇರಲಿಲ್ಲ. ಅದೇ ಮೋಸ.
ಹುಳುಕು ಹಲ್ಲಾದರೆ ಕಿರುಚುತ್ತದೆ. ಇದು
ಟಿಕೆಟ್ಟಿಲ್ಲದೆ ಹಿಂದಿನ ಸೀಟಿನಲ್ಲಿ ಕೂತವನ ಹಾಗೆ
ಕಿಟಕಿಯಾಚೆ ನೋಡುತ್ತಿರುತ್ತದೆ.

ಡಾಕ್ಟರ್ ನಫೀಸಾ ಎಕ್ಸ್‌ರೇ ಬೆಳಕಿಗೆ ಹಿಡಿದರು.
“ಮೂಳೆ ಕರಗಿದೆ, ಮುನಿರತ್ನಮ್ಮ. ತಿರುಪಿನ ಹಲ್ಲು ಕೂರಿಸಬಹುದು,
ಆದರೆ ಮೊದಲು ಕೀವು ನಿಲ್ಲಬೇಕು.”
ಆರು ತಿಂಗಳು ಕೆರೆದರು, ತೊಳೆದರು, ಕಾಯಿಸಿದರು.
ಆಮೇಲೆ ಎರಡು ತಿರುಪು.
ಸೊಸೈಟಿ ಸಾಲ, ಚೀಟಿ ದುಡ್ಡು, ತಂಗಿಯದೊಂದು ಬಳೆ.

“ಎಷ್ಟು ವರ್ಷ ಬರತ್ತೆ ಡಾಕ್ಟ್ರೇ?”
ಅವರು ಸುಳ್ಳು ಹೇಳಲಿಲ್ಲ.
“ಹಲ್ಲು ಉದುರಿಸಿದ್ದು ಇನ್ನೂ ನಿಮ್ಮ ಬಾಯಲ್ಲೇ ಇದೆ.
ವಾಸಿಯಾಯ್ತು ಅನ್ನಬೇಡಿ, ಮಲಗಿದೆ ಅನ್ನಿ.
ಬರ್ತಾ ಇರಿ.”

ಬಂದೆ.
ಏಳನೇ ವರ್ಷ ತಂಗಿ ನಾಗವೇಣಿಗೆ ಡಯಾಲಿಸಿಸ್, ವಾರಕ್ಕೆ ಮೂರು ಸಲ.
ಹದಿನಾಲ್ಕು ತಿಂಗಳು ನನಗೊಂದು ಬಾಯಿದೆ ಎಂಬುದೇ ಮರೆತೆ.
ಅವಳು ಹೋದ ಮೇಲೆ ಮತ್ತೆ ಮೆಟ್ಟಿಲು ಹತ್ತಿದರೆ
ಹುಡುಗಿ ಕೂಗಿದಳು: ಏಳು.
ಆಮೇಲೆ ಎಂಟು. ಆಮೇಲೆ ಸುಮ್ಮನಾದಳು.
ಲೋಹಕ್ಕೆ ನೋವು ಗೊತ್ತಿಲ್ಲವಲ್ಲ, ಅದೂ ಹೇಳಲಿಲ್ಲ.
ಎಡಗಡೆಯದನ್ನು ಎರಡು ಸುತ್ತು ತಿರುಗಿಸಿದರು, ಬಂದೇಬಿಟ್ಟಿತು.
ಅಂಗೈಯಲ್ಲಿಟ್ಟರು. ಜೋಳದ ಕಾಳಿಗಿಂತ ತುಸು ಉದ್ದ.
ಆ ಬಳೆ ಇಷ್ಟೇ ತೂಕವಿತ್ತೇ ಅನಿಸಿತು.

ಇನ್ನೊಂದು ನಿಂತಿದೆ. ಒಂದೇ ಬಾಯಿ, ಒಂದೇ ಬ್ರಷ್ಷು,
ಅದು ಯಾಕೆ ಬಿತ್ತು ಇದು ಯಾಕೆ ಉಳಿಯಿತು,
ಡಾಕ್ಟರೂ ಪೂರ್ತಿ ಹೇಳಲಾರರು.
ಹಲ್ಲಿದ್ದರೆ ಕಡಲೆ ಇಲ್ಲ, ಕಡಲೆ ಇದ್ದರೆ ಹಲ್ಲಿಲ್ಲ ಅಂತಾರೆ.
ನನ್ನ ಹತ್ತಿರ ಎರಡೂ ಇವೆ, ಸ್ವಲ್ಪ ಸ್ವಲ್ಪ.
ನೆನೆಸಿಟ್ಟು ತಿನ್ನುತ್ತೇನೆ.

ಡ್ರಾಯರಿನಲ್ಲಿ ಹಳೇ ವಿಷಲ್.
ಅದರ ತುದಿಯಲ್ಲಿ ಎರಡು ಗುಳಿ,
ನನ್ನ ಸ್ವಂತ ಹಲ್ಲುಗಳು ವರ್ಷಗಟ್ಟಲೆ ಕಚ್ಚಿ ಮಾಡಿದ್ದು.
ನಿನ್ನೆ ಬಾಯಿಗಿಟ್ಟು ನೋಡಿದೆ. ತಿರುಪಿನ ಹಲ್ಲು
ಗುಳಿಗೆ ಇಳಿಯುವುದಿಲ್ಲ, ಅಂಚಿನಲ್ಲೇ ಕೂರುತ್ತದೆ,
ಯಾರಾದರೂ ಎಬ್ಬಿಸಿಯಾರು ಎನ್ನುವ ಹಾಗೆ.
ಊದಿದೆ.
ರಸ್ತೆಯಲ್ಲಿ ಆಟೋದವನು ಬ್ರೇಕ್ ಹಾಕಿ ತಿರುಗಿ ನೋಡಿದ.

ಇವತ್ತು: ಮೂರು, ಎರಡು, ಮೂರು.
ಮೂರು, ಮೂರು,
ಸಲಾಕೆ ತಡೆದು ಮತ್ತೊಮ್ಮೆ ಇಳಿಯಿತು,
ನಾಲ್ಕು.
ಮುಂದಿನ ತಾರೀಖು ಬರೆದುಕೊಟ್ಟ ಚೀಟಿಯನ್ನು
ಉದ್ದಕ್ಕೆ ಮಡಚಿ, ಹತ್ತರ ನೋಟಿನಂತೆ,
ಬೆರಳ ಸಂದಿಗೆ ಸಿಕ್ಕಿಸಿಕೊಂಡು ಇಳಿದೆ.