ನೂರನೆಯ ದಿನ

ರೆಸಿಡೆನ್ಸಿ ರಸ್ತೆ, ಏಳನೇ ಮಹಡಿ.
ನನ್ನ ಕೆಲಸ ಇಷ್ಟೇ:
ದಿನಾ ಸಂಜೆ ಐದೂವರೆಗೆ ಒಂದು ಅಂಕಿ ಹೇಳುವುದು.
ನೂರರಲ್ಲಿ ತೊಂಬತ್ತೊಂಬತ್ತು ದಿನ
ನಷ್ಟ ಈ ಗೆರೆ ದಾಟುವುದಿಲ್ಲ, ಅಂತ.
ನೂರನೆಯ ದಿನದ ಬಗ್ಗೆ ಅಂಕಿ ಬಾಯಿ ಬಿಡುವುದಿಲ್ಲ.
ಯಾರೂ ಕೇಳುವುದೂ ಇಲ್ಲ.

ನಲವತ್ತು ಷೇರು, ನಲವತ್ತು ಸಾಲಿನ ಚೌಕ.
ಸಿಮೆಂಟಿಗೂ ಬಿಸ್ಕತ್ತಿಗೂ ಎಷ್ಟು ನಂಟು,
ಔಷಧಿ ಕಂಪನಿ ಅತ್ತಾಗ ಬ್ಯಾಂಕು ನಗುತ್ತದೆಯೇ,
ಎಲ್ಲ ದಶಮಾಂಶದ ನಾಲ್ಕನೇ ಸ್ಥಾನದವರೆಗೆ.
ಕರ್ಣದ ಉದ್ದಕ್ಕೆ ಮಾತ್ರ ಒಂದು, ಒಂದು, ಒಂದು:
ಪ್ರತಿಯೊಬ್ಬರೂ ತಮಗೆ ತಾವೇ ಪೂರ್ತಿ ನೆಂಟರು.

ಲಗ್ಗೆರೆಯಲ್ಲಿ ನಾನಿರುವ ಬಾಡಿಗೆ ಮಹಡಿಯ ಕೆಳಗೆ
ಮುನಿರತ್ನಮ್ಮನದು ಇಪ್ಪತ್ತು ಜನರ ಚೀಟಿ.
ತಿಂಗಳ ಏಳನೇ ತಾರೀಕು ರಾತ್ರಿ
ಮೆಟ್ಟಿಲ ಬುಡದಲ್ಲಿ ಚಪ್ಪಲಿ ತುಂಬಿ
ನನ್ನ ಸ್ಕೂಟರಿಗೆ ಜಾಗವಿರುವುದಿಲ್ಲ.
ಎದುರುಮನೆ ಜರೀನಾಳನ್ನು ಯಾಕೆ ಸೇರಿಸಲಿಲ್ಲ,
ಒಳ್ಳೆ ಹೆಂಗಸಲ್ಲವೇ, ಎಂದೆ ಒಮ್ಮೆ.
"ಒಳ್ಳೇವ್ಳೇ ಕಣಪ್ಪ. ಆದ್ರೆ ಪೀಣ್ಯದಾಗೆ
ಅವ್ಳ ಫ್ಯಾಕ್ಟ್ರಿಯೋರು ಆಗ್ಲೇ ನಾಲ್ಕು ಜನ ಅವ್ರೆ.
ಒಂದೇ ಬಾಗ್ಲಾಗೆ ಐದು ಬೆರಳು ಇಟ್ರೆ
ಐದೂ ಜಜ್ಜಿಹೋಯ್ತವೆ."
ಅದಕ್ಕೇ ನಾಲ್ವರು ಗಾರ್ಮೆಂಟ್ಸು, ಇಬ್ಬರು ಆಟೋದವರ ಹೆಂಡಿರು,
ಆಸ್ಪತ್ರೆಯ ಆಯಾ ಸ್ಟೆಲ್ಲಾ, ಸೊಪ್ಪಿನ ಗಂಗಹನುಮಕ್ಕ,
ಕಲ್ಯಾಣಮಂಟಪದಲ್ಲಿ ಎಲೆ ಎತ್ತುವ ಒಬ್ಬಳು...
ಎರಡು ವರ್ಷ ಶುಲ್ಕ ಕಟ್ಟಿ ನಾನು ಕಲಿತದ್ದನ್ನು
ಹುರುಳಿಕಾಯಿ ನಾರು ತೆಗೆಯುತ್ತ ಮುಗಿಸಿದ್ದಳು.

ಆಮೇಲೆ ಆ ಮಾರ್ಚ್ ಬಂತು.
ಗೇಟು, ಸ್ಟ್ಯಾಂಡು, ಸಂತೆ, ಮಂಟಪ
ಎಲ್ಲಕ್ಕೂ ಒಂದೇ ದಿನ ಬೀಗ.
ನನ್ನ ಚೌಕದಲ್ಲಿ
ಸೊನ್ನೆ ಬಿಂದು ಎರಡು, ಸೊನ್ನೆ ಬಿಂದು ಮೂರು ಎಂದು
ದೂರ ದೂರ ಕೂತಿದ್ದವರೆಲ್ಲ ಎದ್ದು
ಒಬ್ಬರ ಸೆರಗು ಒಬ್ಬರು ಹಿಡಿದರು.
ಎಲ್ಲೆಲ್ಲೂ ಒಂದು, ಒಂದು, ಒಂದು.
ನಾನು ಹದಿನೆಂಟು ಪುಟದ ವರದಿ ಬರೆದೆ.
ಅದರಲ್ಲಿ 'ಅಪರೂಪದ ಘಟನೆ' ಎಂಬ ಮಾತು
ಹನ್ನೊಂದು ಸಲ ಬಂದಿತ್ತು, ಎಣಿಸಿದ್ದೇನೆ.

ಕೆಳಗೆ ಅವಳ ನೋಟ್‌ಬುಕ್ಕಿನಲ್ಲಿ
ಹೆಸರು, ಮೊತ್ತ ಆದಮೇಲೆ ಪೆನ್ಸಿಲಿನ ಹೊಸ ಗೆರೆ,
ಮೇಲೆ ತಲೆಬರಹ: ಕೇಳಬಾರದು.
ಏಪ್ರಿಲ್‌ನಲ್ಲಿ ಒಂಬತ್ತು ಗುರುತು. ಮೇನಲ್ಲಿ ಹದಿನಾಲ್ಕು.
ಜೂನ್ ಏಳಕ್ಕೆ ಚೀಟಿ ತಾಯಮ್ಮನ ಪಾಲು, ಮಗಳ ಹೆರಿಗೆಗೆ.
ಮುನಿರತ್ನಮ್ಮ ಪೂರಾ ದುಡ್ಡು ಎಣಿಸಿ ಕೊಟ್ಟಳಂತೆ.
ಎಲ್ಲಿಂದ ಎಂದು
ಲೆಕ್ಕ ಕೇಳುವ ಕಸುಬಿನವನು ನಾನೂ ಕೇಳಲಿಲ್ಲ.

ಮರುದಿನ ನಸುಕಿಗೆ, ಕಾವೇರಿ ನೀರು ಬಿಟ್ಟ ಹೊತ್ತು,
ಮೋಟಾರು ಹಾಕಲು ಇಳಿದೆ.
ಸಂಪಿನ ಮುಚ್ಚಳ ಎತ್ತಲು ಬಗ್ಗಿದ್ದಳು.
ಕಿವಿಯಲ್ಲಿ ವಾಲೆ ಇಲ್ಲ.
ತೂತು ಕೂಡಿಕೊಳ್ಳದಿರಲೆಂದು
ಪೊರಕೆಯ ಎರಡು ಕಡ್ಡಿ, ಒಂದೇ ಅಳತೆಗೆ ಮುರಿದದ್ದು.

"ಏನ್ ನೋಡ್ತಾ ನಿಂತ್ಕಂಡೆ?
ಸ್ವಿಚ್ ಹಾಕಪ್ಪ, ನೀರು ನಿಂತೋಯ್ತದೆ."